ಎಟುಕದ ಲಿವರ್: ಚಿಕ್ಕ ಕೈಗೆ ಬೈಕಿನ ಹ್ಯಾಂಡಲ್ ಹೊಂದಿಸುವುದು

ಲಿವರ್ ಕೈಗೆ ಎಟುಕುತ್ತಿಲ್ಲ ಅಂದ ಕೂಡಲೇ ಸಿಗುವ ಸಲಹೆ ಒಂದೇ: ‘ಶಾರ್ಟ್ ಲಿವರ್ ಹಾಕಿಸಿಬಿಡಿ.’ ಶಾರ್ಟ್ ಲಿವರ್ ಉದ್ದದಲ್ಲಿ ಗಿಡ್ಡ, ಅಷ್ಟೇ. ಗ್ರಿಪ್‌ಗೂ ಅದಕ್ಕೂ ನಡುವಿನ ದೂರ ಹಳೆಯ ಲಿವರಿನಷ್ಟೇ ಉಳಿದರೆ ದುಡ್ಡು ದಂಡ. ಹೊಸ ಲಿವರ್ ಕೊಳ್ಳುವ ಮೊದಲು ಗಾಡಿಯಲ್ಲಿ ಈಗಾಗಲೇ ಇರುವ ಬೋಲ್ಟು, ಅಡ್ಜಸ್ಟರ್‌ಗಳಿಂದಲೇ ಎಷ್ಟೋ ಕೆಲಸ ಆಗುತ್ತದೆ. ಹೆಚ್ಚಿನವರು ಅವನ್ನು ಮುಟ್ಟಿಯೇ ಇರುವುದಿಲ್ಲ.

ಲಿವರ್ ‘ಹತ್ತಿರ’ ಆಗುವುದರಲ್ಲಿ ಎರಡು ಲೆಕ್ಕ ಇದೆ. ಕೈ ಬಿಟ್ಟಾಗ ಲಿವರ್ ನಿಲ್ಲುವ ಜಾಗ ಒಂದು. ಎಳೆಯುತ್ತಾ ಬಂದಾಗ ಬ್ರೇಕ್ ಹಿಡಿಯುವ, ಅಥವಾ ಬಿಡುತ್ತಾ ಹೋದಾಗ ಕ್ಲಚ್ ಕಚ್ಚುವ ಜಾಗ ಇನ್ನೊಂದು. ಮೊದಲನೆಯದು ಬೆರಳು ಮುಟ್ಟುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುತ್ತದೆ. ಎರಡನೆಯದು, ಬೆರಳು ಯಾವ ಭಂಗಿಯಲ್ಲಿ ಬಲ ಹಾಕಬೇಕು ಅನ್ನುವುದನ್ನು. ಪೂರ್ತಿ ಚಾಚಿದ ಬೆರಳಿಗೆ ಬಲ ಕಡಿಮೆ, ಮಡಿಸಿದ ಬೆರಳಿಗೆ ಹೆಚ್ಚು. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದೇ ಈ ಕೆಲಸದಲ್ಲಿ ಆಗುವ ದೊಡ್ಡ ಎಡವಟ್ಟು. ಹಾಗಾಗಿ ಶುರುಮಾಡುವ ಮುಂಚೆ ಎರಡನ್ನೂ ಅಳೆದು ಬರೆದಿಟ್ಟುಕೊಳ್ಳಿ.

ಅಳೆಯುವುದು ಹೀಗೆ. ಓಡಿಸುವಾಗ ಹಾಕುವ ಗ್ಲೌಸ್ ಹಾಕಿಕೊಂಡು ಗಾಡಿ ಮೇಲೆ ಕೂರಿ. ಭುಜ ಸಡಿಲ ಇರಲಿ, ಮೊಣಕೈ ಸ್ವಲ್ಪ ಮಡಿಸಿರಲಿ. ಅಂಗೈ ಗ್ರಿಪ್ ಮೇಲೆ ಪೂರ್ತಿ ಕೂರಬೇಕು; ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಯಲ್ಲಿ ಗಾಳಿ ಆಡಬಾರದು. ಈಗ ತೋರುಬೆರಳು, ನಡುಬೆರಳು ಚಾಚಿ. ತುದಿಯಿಂದ ಮೊದಲನೆಯ ಗೆಣ್ಣು ಲಿವರಿನ ಮೇಲೆ ಕೊಕ್ಕೆಯಂತೆ ಬಾಗಿ ಕೂತರೆ ದೂರ ಸರಿಯಾಗಿದೆ. ಬೆರಳಿನ ಮೆತ್ತೆ ಮಾತ್ರ ತಾಗಿದರೆ ಲಿವರ್ ದೂರ ಇದೆ. ಎರಡನೆಯ ಗೆಣ್ಣೇ ಲಿವರ್ ದಾಟಿದರೆ ತೀರಾ ಹತ್ತಿರ ಬಂದಿದೆ, ಪೂರ್ತಿ ಎಳೆಯುವ ಮೊದಲೇ ಗ್ರಿಪ್‌ಗೆ ಬಡಿಯುವ ಸಾಧ್ಯತೆ ಇದೆ. ನಡುಬೆರಳು ಬೀಳುವ ಜಾಗದಲ್ಲಿ, ಅಂಗೈ ತಾಗುವ ಗ್ರಿಪ್ ಬದಿಯಿಂದ ಲಿವರಿನ ಮುಂಬದಿಯವರೆಗೆ ಸ್ಕೇಲ್ ಹಿಡಿದು ಎಡ, ಬಲ ಎರಡೂ ಅಳೆಯಿರಿ. ಕೈ ಬಿಟ್ಟಾಗಿನ ಅಳತೆ ಒಂದು, ಬ್ರೇಕ್ ಬಿಗಿಯಾಗುವ ಅಥವಾ ಕ್ಲಚ್ ಕಚ್ಚುವ ಕ್ಷಣದ್ದು ಇನ್ನೊಂದು.

ಮೊದಲು ಕೋನ, ಆಮೇಲೆ ದೂರ

ಲಿವರ್ ತೀರಾ ಮೇಲೆ ಎದ್ದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿ, ಬೆರಳು ಗ್ರಿಪ್ ಹತ್ತಿ ಆಚೆ ಚಾಚಬೇಕಾಗುತ್ತದೆ. ಎಟುಕು ಆ ಸುತ್ತಿನಲ್ಲೇ ಸೋರಿಹೋಗುತ್ತದೆ. ತೀರಾ ಕೆಳಗಿದ್ದರೆ ಮಣಿಕಟ್ಟು ಮುಂದಕ್ಕೆ ಬಾಗಿ ಹಿಡಿತದ ಬಲ ಹೋಗುತ್ತದೆ. ಮುಂಗೈ, ಹಸ್ತದ ಹಿಂಭಾಗ, ಚಾಚಿದ ಬೆರಳು ಒಂದೇ ಗೆರೆಯಲ್ಲಿ ಬರುವಂತಿರಬೇಕು.

ಲಿವರ್ ಹಿಡಿದಿರುವ ಕ್ಲಾಂಪ್‌ನ ಅಂಚಿಗೆ ಸರಿಯಾಗಿ ಹ್ಯಾಂಡಲ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಸರಿಹೋಗದಿದ್ದರೆ ಹಿಂದಿರುಗಲು ದಾರಿ ಬೇಕಲ್ಲ. ಕ್ಲಾಂಪ್ ಬೋಲ್ಟುಗಳನ್ನು ಅರ್ಧದಿಂದ ಒಂದು ಸುತ್ತು ಸಡಿಲಿಸಿ. ಕಳಚುವ ಅಗತ್ಯವಿಲ್ಲ. ಲಿವರ್ ಸ್ವಲ್ಪ ತಿರುಗಿಸಿ, ಗಾಡಿ ಮೇಲೆ ಕೂತು ನೋಡಿ, ಮತ್ತೆ ತಿರುಗಿಸಿ. ಬಿಗಿಮಾಡುವಾಗ ಒಂದು ಸೂಕ್ಷ್ಮ ಇದೆ. ಮಾಸ್ಟರ್ ಸಿಲಿಂಡರ್ (ಲಿವರ್ ಎಳೆದಾಗ ಬ್ರೇಕ್ ಆಯಿಲನ್ನು ಪೈಪಿಗೆ ದೂಡುವ ಭಾಗ) ಕ್ಲಾಂಪಿನ ಮೇಲೆ ಬಾಣದ ಗುರುತೋ ‘ಅಪ್’ ಎಂಬ ಅಕ್ಷರವೋ ಇದ್ದರೆ ಆ ಬದಿ ಮೇಲಿರಬೇಕು. ಅಂಥವುಗಳಲ್ಲಿ ಮೇಲಿನ ಬೋಲ್ಟನ್ನು ಮೊದಲು ಪೂರ್ತಿ ಬಿಗಿಮಾಡಿ, ಆಮೇಲೆ ಕೆಳಗಿನದನ್ನು. ಸಂದಿ ಉಳಿದರೆ ಕೆಳಗಡೆ ಉಳಿಯುತ್ತದೆ, ಅದು ಹಾಗೇ ಇರಬೇಕು. ಕೆಳಗಿನ ಸಂದಿ ಮುಚ್ಚಲೆಂದು ಒತ್ತಿ ತಿರುಗಿಸಿದರೆ ಅಲ್ಯೂಮಿನಿಯಂ ಮರೆ (ಥ್ರೆಡ್) ಕಿತ್ತುಬರುತ್ತದೆ, ಇಲ್ಲವೇ ಕ್ಲಾಂಪ್ ಬಿರುಕು ಬಿಡುತ್ತದೆ. ಈ ಬೋಲ್ಟುಗಳ ಟಾರ್ಕ್ (ತಿರುಗಿಸಿ ಬಿಗಿಮಾಡುವ ಬಲ) ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಗಾಡಿಯ ಅಂಕಿಯನ್ನು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ನೋಡಿ.

ಕನ್ನಡಿ ಅದೇ ಕ್ಲಾಂಪಿಗೆ ಕೂತಿದ್ದರೆ ಅದೂ ವಾಲುತ್ತದೆ, ಅದರ ಲಾಕ್ ನಟ್ ಸಡಿಲಿಸಿ ಮತ್ತೆ ಹೊಂದಿಸಿ. ಬ್ರೇಕ್ ಆಯಿಲ್ ಡಬ್ಬಿ ಸಿಲಿಂಡರ್ ಜೊತೆಗೇ ಇದ್ದರೆ ಅದನ್ನೂ ಗಮನಿಸಿ. ಆಯಿಲ್ ಕಡಿಮೆಯಿದ್ದು ಡಬ್ಬಿ ಜಾಸ್ತಿ ವಾಲಿದರೆ ಒಳಗೆ ಗಾಳಿ ಎಳೆದುಕೊಳ್ಳುವ ಅಪಾಯ ಇದೆ.

ಇನ್ನು ಕ್ಲಾಂಪನ್ನು ಹ್ಯಾಂಡಲ್ ಉದ್ದಕ್ಕೆ ಒಳಗಡೆ ಸರಿಸುವುದು. ಇದನ್ನು ಮಾಡುವವರೇ ಕಡಿಮೆ, ಆದರೆ ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಉಪಾಯ ಇಲ್ಲ. ಲಿವರ್ ತಿರುಗುವ ಪಿನ್ನಿನಿಂದ ನಿಮ್ಮ ಬೆರಳು 80 ಮಿ.ಮೀ. ದೂರದಲ್ಲಿ ಬೀಳುತ್ತಿದೆ ಅನ್ನಿ. ಅದನ್ನು 95 ಮಿ.ಮೀ.ಗೆ ತಂದರೆ ಅದೇ ಬ್ರೇಕಿಗೆ ಬೇಕಾದ ಬಲ ಶೇ. 16ರಷ್ಟು ಇಳಿಯುತ್ತದೆ. ಅದಕ್ಕೆ ಕ್ಲಾಂಪ್ 15 ಮಿ.ಮೀ. ಒಳಗೆ ಹೋದರೆ ಸಾಕು. ಎಳೆಯುವ ದೂರ ಮಾತ್ರ ಶೇ. 19ರಷ್ಟು ಹೆಚ್ಚುತ್ತದೆ, ಅದನ್ನು ಮರೆಯಬೇಡಿ. ಶಾರ್ಟ್ ಲಿವರಿಗೆ ಅರ್ಥ ಬರುವುದೂ ಇಲ್ಲೇ: ಕ್ಲಾಂಪ್ ಒಳಗೆ ಸರಿಸಿ, ಎರಡು ಬೆರಳು ಲಿವರಿನ ತುದಿಯಲ್ಲೇ ಕೂರುವಂತೆ ಮಾಡಿದರೆ ಉಳಿದೆರಡು ಬೆರಳು ಗ್ರಿಪ್ ಮೇಲೆ ಸಿಕ್ಕಿಬೀಳದೆ ಇರುತ್ತವೆ. ಕ್ಲಾಂಪ್ ಸರಿಸದೆ ಶಾರ್ಟ್ ಹಾಕಿದರೆ ಬೆರಳು ಪಿನ್ನಿನ ಹತ್ತಿರವೇ ಉಳಿದು, ತುದಿ ಬಳಸುವ ಆಯ್ಕೆಯೂ ಕೈತಪ್ಪುತ್ತದೆ.

ಸರಿಸಲು ಅಡ್ಡ ಬರುವುದು ಸ್ವಿಚ್ ಡಬ್ಬಿ. ಅನೇಕ ಗಾಡಿಗಳಲ್ಲಿ ಅದರ ಒಳಗೆ ಒಂದು ಚಿಕ್ಕ ಗೂಟ ಇದ್ದು, ಹ್ಯಾಂಡಲ್ಲಿನ ತೂತಿನಲ್ಲಿ ಕೂತಿರುತ್ತದೆ. ಗೂಟ ಕತ್ತರಿಸಿಬಿಟ್ಟರೆ ಡಬ್ಬಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ನಿಜ, ಆದರೆ ಬಲಗಡೆ ಆಕ್ಸಿಲರೇಟರ್ ವೈರ್ ಅದೇ ಡಬ್ಬಿಯೊಳಗೆ ಹಾದಿದ್ದರೆ ಡಬ್ಬಿ ತಿರುಗಿದಾಗ ಆಕ್ಸಿಲರೇಟರ್ ಕೂಡ ಎಳೆಯುತ್ತದೆ. ಗೂಟ ಉಳಿಸಿಕೊಂಡು ಹೊಸ ಜಾಗದಲ್ಲಿ ಚಿಕ್ಕ ತೂತು ಕೊರೆಯುವುದು ಸರಿಯಾದ ದಾರಿ. ಟೊಳ್ಳು ಅಲ್ಯೂಮಿನಿಯಂ ಹ್ಯಾಂಡಲ್ ಆದರೆ ಹಳೆಯ ತೂತಿನ ಪಕ್ಕದಲ್ಲೇ ಇನ್ನೊಂದು ಬೇಡ.

ಕ್ಲಚ್

ಕೇಬಲ್ ಕ್ಲಚ್‌ಗಳಿಗೆ ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಫ್ರೀ ಪ್ಲೇ (ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸಡಿಲವಾಗಿ ಸರಿಯುವ ದೂರ) ಇರಬೇಕು ಅನ್ನುತ್ತಾರೆ. ಚಿಕ್ಕ ಕೈಯವರಿಗೆ ಕ್ಲಚ್ ದೂರದಲ್ಲಿ ಕಚ್ಚುತ್ತಿದ್ದರೆ ಮೆಕ್ಯಾನಿಕ್ ಕೇಬಲ್ ಸಡಿಲಿಸಿ ಕೊಡುತ್ತಾನೆ. ಕಚ್ಚುವ ಜಾಗ ಹತ್ತಿರ ಬರುತ್ತದೆ, ಖುಷಿಯೂ ಆಗುತ್ತದೆ. ಆದರೆ ಲಿವರ್ ಗ್ರಿಪ್‌ಗೆ ತಾಗುವಷ್ಟರಲ್ಲಿ ಒಳಗಿನ ಪ್ಲೇಟುಗಳು ಪೂರ್ತಿ ಬೇರ್ಪಡದೆ ಉಳಿದುಬಿಡಬಹುದು. ಹಾಗಾದರೆ ಕ್ಲಚ್ ಹಿಡಿದು ಫಸ್ಟ್ ಗೇರಿನಲ್ಲಿ ನಿಂತಾಗ ಗಾಡಿ ಮುಂದಕ್ಕೆ ತೆವಳುತ್ತದೆ, ನಿಂತಲ್ಲಿ ನ್ಯೂಟ್ರಲ್ ಬೀಳುವುದಿಲ್ಲ, ಗೇರ್ ಬದಲಿಸುವಾಗ ಕಟಕಟ ಅನ್ನುತ್ತದೆ. ತೀರಾ ಬಿಗಿಮಾಡಿದರೆ ಉಲ್ಟಾ: ಪ್ಲೇಟುಗಳು ಯಾವಾಗಲೂ ಅರೆಬರೆ ಒತ್ತಿಕೊಂಡಿದ್ದು ಜಾರುತ್ತವೆ, ಸುಡುತ್ತವೆ. ಗಾಡಿಯವರು ಕೊಟ್ಟ ಮಿತಿಯೊಳಗೇ ಹೆಚ್ಚಿನ ಕಡೆಗಿನ ಅಂಕಿ ಹಿಡಿಯಿರಿ, ಅದನ್ನು ದಾಟಬೇಡಿ.

ಪರೀಕ್ಷೆ ಎಂಜಿನ್ ಬಿಸಿಯಾದ ಮೇಲೆ ಮಾಡಿ. ತಣ್ಣಗಿನ ಆಯಿಲ್‌ನಲ್ಲಿ ಪ್ಲೇಟುಗಳು ಹೇಗೂ ಸ್ವಲ್ಪ ಅಂಟಿಕೊಂಡಿರುತ್ತವೆ. ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಓಡಿಸುವಾಗ ಎಷ್ಟು ಬೆರಳು ಬಳಸುತ್ತೀರೋ ಅಷ್ಟರಿಂದಲೇ ಲಿವರ್ ಎಳೆದು, ಆಕ್ಸಿಲರೇಟರ್ ಸ್ವಲ್ಪ ಕೊಡಿ. ಇನ್ನೊಂದು ಕೈ ಬ್ರೇಕ್ ಮೇಲೇ ಇರಲಿ. ಬ್ರೇಕ್ ಬಿಟ್ಟಾಗ ಗಾಡಿ ಕದಲಬಾರದು. ಎರಡೇ ಬೆರಳಿನಿಂದ ಎಳೆಯುವವರಾದರೆ ಗ್ರಿಪ್ ಮೇಲಿನ ಉಂಗುರಬೆರಳೇ ಲಿವರಿಗೆ ಅಡ್ಡ ನಿಲ್ಲುತ್ತದೆ, ಎಳೆತ ಅಷ್ಟಕ್ಕೇ ಮುಗಿಯುತ್ತದೆ. ಪರೀಕ್ಷೆಯಲ್ಲಿ ನಾಲ್ಕು ಬೆರಳು ಬಳಸಿ ಪಾಸಾಗಿ, ರಸ್ತೆಯಲ್ಲಿ ಎರಡು ಬಳಸಿ ಫೇಲಾಗುವುದು ಹೀಗೆಯೇ.

ಲಿವರ್ ನಿಲ್ಲುವ ಜಾಗವನ್ನೇ ಹತ್ತಿರ ತರಬೇಕು, ಆದರೆ ಅಡ್ಜಸ್ಟರ್ (ದೂರ ಹೊಂದಿಸುವ ಡಯಲ್) ಇರುವ ಲಿವರ್ ಆ ಗಾಡಿಗೆ ಸಿಗುವುದಿಲ್ಲ ಅನ್ನಿ. ಆಗ ಕೇಬಲ್ ಕ್ಲಚ್‌ಗೆ ಮಾತ್ರ ಒಂದು ದಾರಿ ಇದೆ. ಕೈ ಬಿಟ್ಟಾಗ ಲಿವರಿನ ಹಿಂಬದಿ ಕ್ಲಾಂಪಿನ ಒಂದು ಮುಖಕ್ಕೆ ತಾಗಿ ನಿಲ್ಲುತ್ತದೆ. ಆ ಮುಖದ ಮೇಲೆ ಗಟ್ಟಿ ನೈಲಾನ್ ಅಥವಾ ಅಲ್ಯೂಮಿನಿಯಂ ಚೂರೊಂದನ್ನು ಎಪಾಕ್ಸಿಯಿಂದ ಕೂರಿಸಿದರೆ ಲಿವರ್ ಅಷ್ಟು ಒಳಗೇ ನಿಲ್ಲುತ್ತದೆ. ದಪ್ಪ ಎಷ್ಟು ಅನ್ನುವುದು ಗುಣಾಕಾರದ ಲೆಕ್ಕ. ತಾಗುವ ಮುಖ ಪಿನ್ನಿನಿಂದ 20 ಮಿ.ಮೀ., ಬೆರಳು 100 ಮಿ.ಮೀ. ದೂರದಲ್ಲಿದ್ದರೆ ಐದರಷ್ಟು, 2 ಮಿ.ಮೀ. ಚೂರು ಬೆರಳಿನ ಜಾಗದಲ್ಲಿ 10 ಮಿ.ಮೀ. ಹತ್ತಿರ ತರುತ್ತದೆ. ರಬ್ಬರ್ ಚೂರು ಬೇಡ, ಒತ್ತಿ ಒತ್ತಿ ಚಪ್ಪಟೆಯಾಗುತ್ತದೆ.

ಚೂರು ಹಾಕಿದಾಗ ಅದು ತಿನ್ನುವುದು ಫ್ರೀ ಪ್ಲೇಯನ್ನು. ಬೆರಳಿನ ಜಾಗದಲ್ಲಿ ಮೊದಲು 15 ಮಿ.ಮೀ. ಇದ್ದರೆ ಈಗ 5 ಮಾತ್ರ ಉಳಿಯಿತು. ಅದನ್ನು 10ಕ್ಕೆ ತರಲು ಕೇಬಲ್ ಸಡಿಲಿಸಬೇಕು, ಆಗ ಕಚ್ಚುವ ಜಾಗ 5 ಮಿ.ಮೀ. ಗ್ರಿಪ್ ಕಡೆ ಬರುತ್ತದೆ. ಅಂದರೆ ತೆವಳುವ ಪರೀಕ್ಷೆ ಮತ್ತೆ ಮಾಡಲೇಬೇಕು. ಇನ್ನೊಂದು, ಕ್ಲಚ್ ಹಿಡಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಗಳಲ್ಲಿ ಲಿವರಿನ ಬುಡದಲ್ಲೇ ಒಂದು ಸ್ವಿಚ್ ಇರುತ್ತದೆ. ಚೂರಿನ ದೆಸೆಯಿಂದ ಲಿವರ್ ಸದಾ ಒಳಗೇ ನಿಂತರೆ ಕ್ಲಚ್ ಹಿಡಿದಿದೆ ಅಂತಲೇ ಆ ಸ್ವಿಚ್ ತಿಳಿಯಬಹುದು. ಗೇರಿನಲ್ಲಿರುವಾಗ ಸ್ಟಾರ್ಟರ್ ಒತ್ತಿದರೆ ಗಾಡಿ ನೆಗೆಯುತ್ತದೆ. ಹೊಂದಿಸಿದ ಮೇಲೆ, ಇಗ್ನಿಷನ್ ಆನ್ ಇದ್ದು, ಮುಂದಿನ ಬ್ರೇಕ್ ಹಿಡಿದು, ಕ್ಲಚ್ ಬಿಟ್ಟು ಒಮ್ಮೆ ಸ್ಟಾರ್ಟರ್ ಮುಟ್ಟಿ ನೋಡಿ, ಎಂಜಿನ್ ತಿರುಗಬಾರದು.

ಎಟುಕುತ್ತದೆ ಆದರೆ ಬಿಗಿ ಅನ್ನುವವರು ಮೊದಲು ಕೇಬಲ್ ನೋಡಿ. ಹೊರಕವಚ ಎಲ್ಲಾದರೂ ಚೂಪಾಗಿ ಬಾಗಿದ್ದರೆ, ತುದಿಯಲ್ಲಿ ಒಂದೆರಡು ಎಳೆ ಬಿಚ್ಚಿದ್ದರೆ, ಪಿನ್ನಿನ ಸುತ್ತ ಒಣಗಿದ್ದರೆ ಬಲ ಅಲ್ಲೇ ವ್ಯರ್ಥವಾಗುತ್ತಿರುತ್ತದೆ. ಎಳೆ ಬಿಚ್ಚಿದ ಕೇಬಲ್‌ಗೆ ಆಯಿಲ್ ಬಿಟ್ಟು ಫಲವಿಲ್ಲ, ಬದಲಿಸಿ. ಪಿನ್ ಬೋಲ್ಟನ್ನು ಅತಿಯಾಗಿ ಬಿಗಿದರೂ ಲಿವರ್ ಹಿಚುಕಿಕೊಂಡು ಭಾರವಾಗುತ್ತದೆ. ಬೋಲ್ಟನ್ನು ಹದಕ್ಕೆ ತಿರುಗಿಸಿ, ಅದು ಅಲುಗದಂತೆ ಕೆಳಗಿನ ಲಾಕ್ ನಟ್ ಬಿಗಿಯಬೇಕು. ಇದೆಲ್ಲ ಸರಿಯಿದ್ದೂ ಭಾರ ಅನ್ನಿಸಿದರೆ ಎಂಜಿನ್ ಬದಿಯ ಕ್ಲಚ್ ತೋಳನ್ನು ಉದ್ದ ಮಾಡುವ ಬಿಡಿಭಾಗಗಳು ಕೆಲವು ಗಾಡಿಗಳಿಗೆ ಸಿಗುತ್ತವೆ. 40 ಮಿ.ಮೀ. ತೋಳು 50 ಆದರೆ ಬಲ ಶೇ. 20 ಇಳಿಯುತ್ತದೆ. ಆದರೆ ಪ್ಲೇಟುಗಳನ್ನು ಅಷ್ಟೇ ಎತ್ತಲು ಕೇಬಲನ್ನು ಶೇ. 25 ಹೆಚ್ಚು ಎಳೆಯಬೇಕು. ಲಿವರನ್ನು ಆಗಲೇ ಹತ್ತಿರ ತಂದು ಎಳೆತ ಕಡಿಮೆ ಮಾಡಿಕೊಂಡವರಿಗೆ ಈ ಎರಡೂ ಒಟ್ಟಿಗೆ ಆಗಿಬರುವುದಿಲ್ಲ, ಒಂದನ್ನು ಆರಿಸಿಕೊಳ್ಳಿ. ಮೆತ್ತನೆಯ ಕ್ಲಚ್ ಸ್ಪ್ರಿಂಗ್ ಹಾಕುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಏರಿನಲ್ಲಿ, ಹಿಂದೆ ಜನ ಕೂತಾಗ ಕ್ಲಚ್ ಜಾರಲು ಅದು ನೇರ ಆಹ್ವಾನ.

ಬ್ರೇಕ್: ಇಲ್ಲಿ ಜುಗಾಡ್ ನಡೆಯದು

ಕ್ಲಚ್‌ಗೆ ಹೇಳಿದ ಚೂರಿನ ಉಪಾಯವನ್ನು ಡಿಸ್ಕ್ ಬ್ರೇಕ್ ಲಿವರಿಗೆ ಯಾವ ಕಾರಣಕ್ಕೂ ಮಾಡಬೇಡಿ. ಹೈಡ್ರಾಲಿಕ್ (ಕೇಬಲ್ ಬದಲು ಆಯಿಲ್‌ನಿಂದ ನಡೆಯುವ) ಕ್ಲಚ್‌ಗೂ ಬೇಡ. ಮಾಸ್ಟರ್ ಸಿಲಿಂಡರಿನ ಒಳಗೆ, ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ನಿಂತಾಗ ಮಾತ್ರ ತೆರೆದಿರುವ ಸೂಜಿಮೊನೆಯಷ್ಟು ಸಣ್ಣ ತೂತೊಂದಿದೆ. ಪೈಪಿನಲ್ಲಿರುವ ಆಯಿಲ್ ಬಿಸಿಗೆ ಹಿಗ್ಗಿದಾಗ ಹೆಚ್ಚಾದದ್ದು ಆ ತೂತಿನ ಮೂಲಕ ಡಬ್ಬಿಗೆ ವಾಪಸ್ ಹೋಗುತ್ತದೆ. ಲಿವರನ್ನು ತಂತಿ ಕಟ್ಟಿಯೋ ವಾಷರ್ ಸಿಕ್ಕಿಸಿಯೋ ಒಳಗೆ ಹಿಡಿದಿಟ್ಟರೆ ಪಿಸ್ಟನ್ ಸ್ವಲ್ಪ ಮುಂದೆ ಸರಿದು ತೂತು ಮುಚ್ಚುತ್ತದೆ. ಮನೆ ಮುಂದೆ ಓಡಿಸಿ ನೋಡಿದಾಗ ಎಲ್ಲ ಸರಿಯಾಗೇ ಇರುತ್ತದೆ. ಹತ್ತಾರು ಸಲ ಬ್ರೇಕ್ ಹಿಡಿದು ಬಿಸಿಯಾದ ಮೇಲೆ ಹಿಗ್ಗಿದ ಆಯಿಲ್‌ಗೆ ಹೋಗಲು ದಾರಿಯಿಲ್ಲದೆ ಪ್ಯಾಡುಗಳು ತಾವಾಗಿಯೇ ಒತ್ತುತ್ತವೆ, ಅದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಒತ್ತಡ. ಕೊನೆಗೆ ಮುಂದಿನ ಚಕ್ರ ಓಡುತ್ತಿರುವಾಗಲೇ ಲಾಕ್ ಆಗುತ್ತದೆ.

ಅಡ್ಜಸ್ಟರ್ ಇರುವ ಲಿವರ್ ಇದನ್ನು ಬೇರೆ ಥರ ಮಾಡುತ್ತದೆ. ಬೆರಳು ಹಿಡಿಯುವ ಭಾಗ ಬೇರೆ, ಪಿಸ್ಟನ್ ಒತ್ತುವ ಭಾಗ ಬೇರೆ. ಡಯಲ್ ತಿರುಗಿಸಿದರೆ ಇವೆರಡರ ನಡುವಿನ ಅಂತರ ಮಾತ್ರ ಬದಲಾಗುತ್ತದೆ, ಪಿಸ್ಟನ್ ತನ್ನ ಜಾಗದಲ್ಲೇ ಇರುತ್ತದೆ. ಹಾಗಾಗಿ ಬ್ರೇಕಿಗೆ ದುಡ್ಡು ಹಾಕುವುದಿದ್ದರೆ ಇದಕ್ಕೆ ಹಾಕಿ. ಡಯಲ್ ತಿರುಗಿಸುವಾಗ ಒಂದು ಕೈಯಿಂದ ಲಿವರನ್ನು ಮುಂದಕ್ಕೆ ದೂಡಿ ಹಿಡಿಯಿರಿ, ಇಲ್ಲದಿದ್ದರೆ ಹಲ್ಲು ಸವೆಯುತ್ತದೆ. ಅಂಕಿ ಬಾಣದ ಗುರುತಿಗೆ ಸರಿಯಾಗಿ ಕೂರಬೇಕು. ಎರಡು ಅಂಕಿಗಳ ನಡುವೆ ನಿಂತರೆ ಬ್ರೇಕ್ ಹಿಡಿದಾಗ ಡಯಲ್ ಜಾರಿ ಲಿವರ್ ದಿಢೀರ್ ಹತ್ತಿರ ಬರಬಹುದು. 1 ಅಂದರೆ ಕೆಲವರಲ್ಲಿ ಅತಿ ದೂರ, ಕೆಲವರಲ್ಲಿ ಅತಿ ಹತ್ತಿರ. ಅಂಕಿ ನಂಬಬೇಡಿ, ಕಣ್ಣಿಂದ ನೋಡಿ.

ಲಿವರ್ ಹತ್ತಿರ ತರುವ ಮೊದಲು ಬ್ರೇಕ್ ಗಟ್ಟಿಯಾಗಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಸ್ಪಂಜಿನಂತೆ ಮೆತ್ತಗಿದ್ದರೆ ಆಯಿಲ್ ಬದಲಿಸಿ ಗಾಳಿ ತೆಗೆಸಿ. ದೂರ ಇರುವ ಲಿವರಿಗೆ ಮೆತ್ತಗಿರುವುದನ್ನು ಸಹಿಸಿಕೊಳ್ಳುವ ಜಾಗ ಇರುತ್ತದೆ, ಹತ್ತಿರದ ಲಿವರಿಗೆ ಇರುವುದಿಲ್ಲ. ಹೊಂದಿಸಿದ ಮೇಲೆ ಪೂರ್ತಿ ಬಲ ಹಾಕಿ ಅರ್ಧ ನಿಮಿಷ ಹಿಡಿಯಿರಿ. ಲಿವರ್ ನಿಧಾನವಾಗಿ ಗ್ರಿಪ್ ಕಡೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗಿನ ರಬ್ಬರ್ ಸವೆದಿದೆ. ಗಾಡಿ ಹೊರಗೆ ತೆಗೆಯಬೇಡಿ. ಎರಡು ಬೆರಳಿನಿಂದ ಹಿಡಿದಾಗ ಲಿವರ್ ಉಂಗುರಬೆರಳಿಗೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಬಿಗಿಯಾಗಬೇಕು. ತಾಗಿದರೆ ಡಯಲ್ ಒಂದು ಅಂಕಿ ಹೊರಗೆ ತನ್ನಿ.

ಬೇರೆ ಕಂಪನಿಯ ಲಿವರ್ ಹಾಕುತ್ತಿದ್ದರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಪಿಸ್ಟನ್ ಒತ್ತುವ ಮೂಗನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹೊಸದರ ಮೂಗು ಉದ್ದವಿದ್ದರೆ, ಮೇಲೆ ಹೇಳಿದ ಮುಚ್ಚಿದ ತೂತಿನ ಕಥೆಯೇ. ಹಾಕಿದ ಮೇಲೆ ಪಿಸ್ಟನ್ ಮುಟ್ಟುವ ಮೊದಲು ಲಿವರಿನಲ್ಲಿ ಕೊಂಚ ಆಟ ಇರಬೇಕು, ಲಿವರ್ ತಾನಾಗಿ ವಾಪಸ್ ಬರಬೇಕು, ಪಿನ್ನಿನಲ್ಲಿ ಮೇಲೆ ಕೆಳಗೆ ಅಲುಗಬಾರದು. ಬ್ರೇಕ್ ಲೈಟ್ ಬ್ರೇಕ್ ಹಿಡಿದಾಗ ಮಾತ್ರ ಉರಿಯಬೇಕು; ಸ್ವಿಚ್ ಒತ್ತುವ ಕಿವಿ ಅಗ್ಗದ ಲಿವರ್‌ಗಳಲ್ಲಿ ಹೆಚ್ಚು ಕಡಿಮೆ ಆಗಿರುತ್ತದೆ. ಪಿಸ್ಟನ್ ತುದಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಡ್ರಮ್ ಬ್ರೇಕಿನದು ಸುಲಭ: ಕೇಬಲ್ ಇರುವುದರಿಂದ ಚೂರಿನ ಉಪಾಯ ನಡೆಯುತ್ತದೆ. ಶೂ ಸವೆದಂತೆ ಲಿವರ್ ಒಳಗೆ ಬರುತ್ತಲೇ ಇರುವುದರಿಂದ ಆಗಾಗ ಅಡ್ಜಸ್ಟ್ ಮಾಡುವುದು ಮಾತ್ರ ತಪ್ಪುವುದಿಲ್ಲ.

ಗ್ರಿಪ್ ಮತ್ತು ಉಳಿದದ್ದು

ಗ್ರಿಪ್ ಬದಲಿಸುವುದರಿಂದ ಆಗುವ ಲಾಭ ಅಂದಾಜಿಗಿಂತ ದೊಡ್ಡದು. ಹೆಚ್ಚಿನ ಗಾಡಿಗಳ ಹ್ಯಾಂಡಲ್ ಪೈಪ್ ಗ್ರಿಪ್ ಕೂರುವ ಜಾಗದಲ್ಲಿ 22.2 ಮಿ.ಮೀ., ಕೆಲವು ಕ್ರೂಸರ್‌ಗಳಲ್ಲಿ 25.4. ನಡುವೆ 28.6 ಮಿ.ಮೀ. ದಪ್ಪವಿರುವ ಹ್ಯಾಂಡಲ್‌ಗಳೂ ತುದಿಗೆ ಬರುವಾಗ 22.2ಕ್ಕೇ ಇಳಿಯುತ್ತವೆ, ಅದರ ಚಿಂತೆ ಬೇಡ. ಗ್ರಿಪ್‌ನ ಹೊರ ವ್ಯಾಸ 33ರಿಂದ 29 ಮಿ.ಮೀ.ಗೆ ಇಳಿದರೆ ಅಂಗೈ 2 ಮಿ.ಮೀ. ಮುಂದೆ ಬರುತ್ತದೆ, ಅದು ಚಿಲ್ಲರೆ. ಆದರೆ ಸುತ್ತಳತೆ ಸುಮಾರು 12.6 ಮಿ.ಮೀ. ಕಡಿಮೆಯಾಗುತ್ತದೆ; ಬೆರಳು ಸುತ್ತುವರಿದು ಹಿಡಿಯುವುದು ಸುತ್ತಳತೆಯನ್ನು. ಗ್ರಿಪ್ ಮೇಲೆ ಸ್ಪಂಜ್ ಕವರ್ ಹಾಕಿದ್ದರೆ ಇವತ್ತೇ ಕಿತ್ತುಹಾಕಿ. ಬಿಸಿ ಗ್ರಿಪ್‌ಗಳೂ ಸಾಮಾನ್ಯವಾಗಿ ದಪ್ಪ. ತೆಳು ಗ್ರಿಪ್‌ನ ನಷ್ಟವೆಂದರೆ ಎಂಜಿನ್ ನಡುಕ ಕೈಗೆ ಹೆಚ್ಚು ತಟ್ಟುತ್ತದೆ; ದೂರ ಓಡಿಸುವವರು ಮೆತ್ತನೆಯ ರಬ್ಬರಿನ ತೆಳು ಗ್ರಿಪ್ ಹುಡುಕಬೇಕು.

ಬಲಗಡೆ ಗ್ರಿಪ್ ಪ್ಲಾಸ್ಟಿಕ್ ಕೊಳವೆಯ ಮೇಲೆ ಕೂರುವುದರಿಂದ ಒಳ ವ್ಯಾಸ ಎಡಗಡೆಯದಕ್ಕಿಂತ ದೊಡ್ಡದು, ಅದಲುಬದಲಾಗಬಾರದು. ಗ್ರಿಪ್ ಅಂಟು ಹಚ್ಚಿ ಒಂದೇ ಏಟಿಗೆ ತೂರಿಸಿ, ಒಂದು ದಿನ ಒಣಗಲು ಬಿಡಿ. ಬಲಗಡೆ ಗ್ರಿಪ್‌ನ ಅಂಚಿಗೂ ಸ್ವಿಚ್ ಡಬ್ಬಿಗೂ ನಡುವೆ 1–2 ಮಿ.ಮೀ. ಸಂದಿ ಇರಲೇಬೇಕು. ಉಜ್ಜಿದರೆ ಆಕ್ಸಿಲರೇಟರ್ ಬಿಟ್ಟಾಗ ವಾಪಸ್ ಬರುವುದಿಲ್ಲ.

ಆಕ್ಸಿಲರೇಟರ್ ಜಾಸ್ತಿ ತಿರುಗಿಸಿದಷ್ಟೂ ಮಣಿಕಟ್ಟು ಕೆಳಗಿಳಿದು ಬ್ರೇಕ್ ಲಿವರ್ ಬೆರಳಿನಿಂದ ದೂರ ಹೋಗುತ್ತದೆ. ಕೇಬಲ್ ಆಕ್ಸಿಲರೇಟರ್‌ನಲ್ಲಿ ಫ್ರೀ ಪ್ಲೇ ಗ್ರಿಪ್ ಅಂಚಿನಲ್ಲಿ 2–3 ಮಿ.ಮೀ.ಗೆ ತಂದರೆ ವ್ಯರ್ಥ ತಿರುವು ತಪ್ಪುತ್ತದೆ. ಗ್ರಿಪ್‌ಗೆ ಸಿಕ್ಕಿಸಿ ಅಂಗೈಯಿಂದ ಒತ್ತುವ ಪ್ಲಾಸ್ಟಿಕ್ ಪಟ್ಟಿ ಚಿಕ್ಕ ಕೈಯವರಿಗೆ ನಾನು ಹೇಳುವುದಿಲ್ಲ. ಬ್ರೇಕಿಗೆ ಬೆರಳು ಚಾಚುವಾಗ ಅಂಗೈ ಮುಂದಕ್ಕೆ ಜರುಗಿ ಅದೇ ಪಟ್ಟಿಯನ್ನು ಒತ್ತುತ್ತದೆ, ಬ್ರೇಕ್ ಜೊತೆ ಆಕ್ಸಿಲರೇಟರ್ ಕೂಡ ಕೊಟ್ಟಂತಾಗುತ್ತದೆ.

ಇಂಡಿಕೇಟರ್, ಹಾರ್ನ್ ಹೆಬ್ಬೆರಳಿಗೆ ಸಿಗದಿದ್ದರೆ ಗುಂಡಿಯ ಮೇಲೆ 3–4 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಚೂರು ಅಂಟಿಸಿ. ಇಂಡಿಕೇಟರ್ ಗುಂಡಿ ಅಕ್ಕಪಕ್ಕ ಸರಿಯುವಾಗ ಆ ಚೂರು ಡಬ್ಬಿಯ ಅಂಚಿಗೆ ತಗುಲಬಾರದು.

ಗ್ಲೌಸಿನ ಬೆರಳ ತುದಿ ಖಾಲಿ ಉಳಿದರೆ ಅದು ಲಿವರ್ ಮತ್ತು ಗ್ರಿಪ್ ನಡುವೆ ಮಡಚಿಕೊಳ್ಳುತ್ತದೆ. ಅಂಗೈಯಲ್ಲಿ ದಪ್ಪ ಪ್ಯಾಡ್ ಇದ್ದರೆ ತೆಳು ಗ್ರಿಪ್‌ನಿಂದ ಬಂದ ಲಾಭ ಅಲ್ಲಿಗೇ ಹೋಯಿತು.

ಎಲ್ಲ ಮುಗಿದ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆ. ಬ್ರೇಕ್ ಪೈಪ್ ಬಿಗಿಯಬಾರದು, ಲಿವರಾಗಲಿ ಬೆರಳಾಗಲಿ ಟ್ಯಾಂಕಿಗೆ ತಾಗಬಾರದು. ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ ನೋಡಿ. ಖಾಲಿ ಜಾಗದಲ್ಲಿ 20–30 ಕಿ.ಮೀ. ವೇಗದಲ್ಲಿ ನಾಲ್ಕಾರು ಸಲ ಬ್ರೇಕ್ ಹಿಡಿದ ಮೇಲೆ ಇನ್ನೊಮ್ಮೆ ಹಾಗೇ ತಿರುಗಿಸಿ: ಬಿಸಿಯಾದಾಗಲೂ ಅಷ್ಟೇ ಸಲೀಸಾಗಿ ತಿರುಗಬೇಕು. ಕ್ಲಾಂಪ್ ಬೋಲ್ಟುಗಳಿಗೆ ಮೊದಲ 100 ಕಿ.ಮೀ. ಆದ ಮೇಲೆ ಮತ್ತೆ ಸ್ಪ್ಯಾನರ್ ಇಟ್ಟು ನೋಡಿ.